ಲಿಂಬೆ ರಸ ನಾಲ್ಕು ಹನಿ

ಒಂದು ಚಮಚ ಕಡಲೆ ಹಿಟ್ಟು, ಎರಡು ಚಮಚ ಮೊಸರು, ಚಿಟಿಕೆ ಅರಿಶಿನ, ಲಿಂಬೆ ರಸ ನಾಲ್ಕು ಹನಿ. ಕಲಸಿ ಮುಖಕ್ಕೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ತಣ್ಣೀರಿನಿಂದ ತೊಳೆಯಬೇಕು. ವಾರಕ್ಕೆ ಎರಡು ಸಲ. ಗುರವ್ವನಿಗೆ ನಾನು ಬರೆದುಕೊಟ್ಟದ್ದು ಇಷ್ಟೇ.

ಇಂಡಿ ಪಟ್ಟಣದ ಬಜಾರಿನ ಹಿಂದಿನ ಓಣಿಯಲ್ಲಿ ನನ್ನದು ಒಂದೇ ಕೋಣೆಯ ಪಾರ್ಲರ್. ಪಕ್ಕದಲ್ಲಿ ಸಾಬೀರಾ ಬ್ಲೌಸ್ ಹೊಲಿಯುತ್ತಾಳೆ. ನಡುವೆ ಒಂದು ಪರದೆ ಮಾತ್ರ. ಹುಬ್ಬು ತಿದ್ದಿಸಿಕೊಳ್ಳಲು ಬರುವವರಿಗಿಂತ ಮನೆಮದ್ದು ಕೇಳಲು ಬರುವವರೇ ಹೆಚ್ಚು. ಯಾರಿಗೆ ಏನು ಹೇಳಿದೆನೆಂಬುದು ಮರೆಯಬಾರದೆಂದು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದನ್ನೇ ಚೀಟಿಯಲ್ಲಿ ನಕಲು ಮಾಡಿ ಕೊಡುತ್ತೇನೆ. ಬಾಯಲ್ಲಿ ಹೇಳಿದ್ದು ದಾರಿಯಲ್ಲೇ ಬದಲಾಗುತ್ತದೆ ಎಂಬ ಹೆದರಿಕೆ ನನಗೆ.

ಗುರವ್ವ ಬಂದದ್ದು ಏಪ್ರಿಲ್ ಎರಡನೆಯ ವಾರ. ಹತ್ತಿರದ ತಾಂಬಾ ಊರಿನವಳು. ಗಂಡ ಚಂದ್ರಾಮನೂ ಅವಳೂ ಅಲ್ಲಿಯ ಒಂದು ಲಿಂಬೆ ತೋಟದಲ್ಲಿ ದುಡಿಯುತ್ತಾರೆ; ಅವನು ಕಾಯಿ ಇಳಿಸಿದರೆ ಇವಳು ಆರಿಸಿ ಚೀಲ ತುಂಬುತ್ತಾಳೆ. ಶಾಲೆಗೆ ಸೂಟಿ ಇದ್ದುದರಿಂದ ಒಂಬತ್ತು ವರ್ಷದ ಮಗಳು ಸಾಕ್ಷಿಯೂ ಜೊತೆಗಿದ್ದಳು. ಗುರವ್ವನ ಎರಡೂ ಗಲ್ಲದ ಮೇಲೆ ಚಹಾ ಚೆಲ್ಲಿ ಒಣಗಿದಂಥ ಬಂಗು.

"ಎಷ್ಟ ವರ್ಷ ಆತು ಇದು ಬಂದು?" ಎಂದು ಕೇಳಿದೆ.

"ಸಣ್ಣಾಕಿ ಹೊಟ್ಟ್ಯಾಗಿದ್ದಾಗ ಬಂತ್ರಿ. ಆರು ವರ್ಷ ಆಗಾಕ ಬಂತು."

"ಬಸರಿದ್ದಾಗ ಬರ್ತೈತಿ. ಹಡದ ಮ್ಯಾಲ ಭಾಳ ಮಂದೀದು ಹೋಗ್ತೈತಿ, ಕೆಲವರದು ಉಳೀತೈತಿ. ಸಣ್ಣಾಕಿ ಈ ವರ್ಷ ಸಾಲಿಗೆ ಹೊಂಟಾಳಿಲ್ಲ?"

ಕೇಳಬಾರದಿತ್ತು. ಬಾಗಿಲ ಹತ್ತಿರ ನಿಂತಿದ್ದ ಸಾಕ್ಷಿ ಹೇಳಿದಳು: "ದೀಕ್ಷಾ ತೀರಿಕೊಂಡಾಳ್ರಿ ಆಂಟಿ. ತ್ವಾಟದ ಹೊಂಡದಾಗ ಬಿದ್ದಿದ್ಲು. ಎರಡ ವರ್ಷ ಆತು."

ಕೃಷಿ ಹೊಂಡಗಳನ್ನು ನೀವು ನೋಡಿರಬಹುದು. ನೀರು ಇಂಗದಂತೆ ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ದೊಡ್ಡವರು ಜಾರಿದರೂ ಹತ್ತಿ ಬರುವುದು ಕಷ್ಟ. ದೀಕ್ಷಾಳಿಗೆ ಆಗ ಮೂರೂವರೆ ವರ್ಷವಂತೆ.

"ಕನ್ನಡಿ ನೋಡಿದಾಗೊಮ್ಮೆ ಇದ ಕಾಣತೈತ್ರಿ ಅಕ್ಕಾರ," ಎಂದಳು ಗುರವ್ವ. "ಆಕಿ ಹೋದ್ಲು. ಆಕಿ ತಂದ ಕಲಿ ಮಾರಿ ಮ್ಯಾಲ ಉಳದೈತಿ. ಏನರೆ ಮಾಡಿ ತಗದ ಹಾಕ್ರಿ."

ಸಾಕ್ಷಿ ಹತ್ತಿರ ಬಂದು ತಾಯಿಯ ಹೆಗಲ ಮೇಲೆ ಕೈಯಿಟ್ಟಳು. ಗುರವ್ವ ನೊಣ ಓಡಿಸುವವಳಂತೆ ಹೆಗಲು ಕೊಡವಿದಳು. ಹುಡುಗಿ ಮತ್ತೆ ಹೋಗಿ ಬಾಗಿಲ ಹತ್ತಿರ ನಿಂತಳು. ನಾನು ಚೀಟಿ ಬರೆದುಕೊಟ್ಟೆ.

ಎಂಟು ದಿನದ ನಂತರ ಮೂವರೂ ಬಂದರು. ಮೊದಲು ಒಳಗೆ ಬಂದವನು ಚಂದ್ರಾಮ. ಹೆಂಗಸರ ಪಾರ್ಲರಿನಲ್ಲಿ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತ ನಿಂತ.

"ಅಕ್ಕಾರ, ನೀವರೆ ಹೇಳ್ರಿ ಮಂದಿಗೆ. ನಾ ಈಕಿ ಮ್ಯಾಲ ಒಂದಿನ ಕೈ ಎತ್ತಿಲ್ರಿ. ಚಾದ ಅಂಗಡ್ಯಾಗ ಕುಂತ್ರ ಎಲ್ಲಾರೂ ನನ್ನ ಕೈ ನೋಡಾಕತ್ತಾರ."

ಗುರವ್ವ ಸೆರಗು ಸರಿಸಿದಳು. ಎಡಗಲ್ಲದ ಮೇಲೆ ಒಂದು ಕೈ ಮೂಡಿತ್ತು. ಕಂದು ಬಣ್ಣ, ಅಂಚಿನಲ್ಲಿ ಸ್ವಲ್ಪ ನೇರಳೆ. ದವಡೆಯ ಹತ್ತಿರ ಅಂಗೈ, ಕಿವಿಯ ಕಡೆಗೆ ಚಾಚಿದ ನಾಲ್ಕು ಬೆರಳು, ಮೂಗಿನ ಪಕ್ಕ ಹೆಬ್ಬೆರಳು. ನಾನು ಹಚ್ಚಿಸಿದ ಔಷಧಿಯಿಂದ ಒಬ್ಬಳ ಮುಖ ಸುಟ್ಟಿತು ಎಂಬುದೊಂದೇ ಆಗ ನನ್ನ ತಲೆಗೆ ಬಂದದ್ದು.

ಸಾಬೀರಾ ಪರದೆ ಸರಿಸಿ ಇಣುಕಿದಳು. "ಎಲ್ಲಿ, ನಿನ್ನ ಕೈ ಹಿಡೀಪಾ," ಎಂದು ಚಂದ್ರಾಮನಿಗೆ ಹೇಳಿದಳು. ಅವನು ಎರಡೂ ಅಂಗೈ ತೋರಿಸಿದ. "ಯಪ್ಪಾ, ಇದೇನ ಕೈಯೋ ಸಲಕಿಯೋ! ಹೋಗ, ನೀ ಖುಲಾಸ. ಇದು ಬಡದಿದ್ರ ಈಕಿ ಮಾರಿ ಎಲ್ಲಿ ಉಳೀತಿತ್ತು? ಇದು ಯಾವುದೋ ಹುಡುಗರ ಕೈ."

ಅವಳೊಬ್ಬಳೇ ನಕ್ಕಳು.

"ಹುಡುಗರದಲ್ರಿ," ಎಂದಳು ಗುರವ್ವ. "ಹುಡುಗೀದು." ಬೆನ್ನು ತಿರುಗಿಸಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು.

ಕುತ್ತಿಗೆಯ ಕೆಳಗೆ, ಬ್ಲೌಸಿನ ಅಂಚಿಗಿಂತ ಮೇಲೆ, ಇನ್ನೊಂದು ಕೈ ಇತ್ತು. ಸಣ್ಣದು. ಬೆರಳುಗಳು ಮೋಟು ಮೋಟು. ಎತ್ತಿಕೊಂಡ ಕೂಸು ಹಿಂದಿನಿಂದ ತಬ್ಬಿ ಹಿಡಿಯುವ ಜಾಗ ಅದು.

ಸಾಬೀರಾಳ ನಗು ನಿಂತಿತು. ಅವಳ ಕೊರಳಲ್ಲಿ ಅಳತೆಯ ಟೇಪು ಸದಾ ಇರುತ್ತದೆ. ಏನು ಮಾಡುವುದೆಂದು ತೋಚದಾಗ ಅವಳು ಅಳೆಯುತ್ತಾಳೆ. ಗಲ್ಲದ್ದನ್ನು ಅಳೆದಳು, ಬೆನ್ನಿನದನ್ನು ಅಳೆದಳು. "ಇದು ಐದೂವರಿ ಇಂಚು. ಇದು ನಾಕು, ನಾಕಕ್ಕೂ ಒಂಚೂರು ಕಮ್ಮಿ. ಒಬ್ಬರವಲ್ಲ ಇವು."

"ಒಬ್ಬಾಕೀದ," ಎಂದಳು ಗುರವ್ವ. ದನಿಯಲ್ಲಿ ಯಾವ ಗೊಂದಲವೂ ಇರಲಿಲ್ಲ. "ಎರಡ ವರ್ಷ ಆತಲ್ರಿ. ಕೂಸು ಬೆಳೀತೈತಿಲ್ಲ? ಬೆನ್ನಿಂದು ಹೋಗುವಾಗಿಂದು. ಗಲ್ಲದ್ದು ಈಗಿಂದು."

ಸಾಕ್ಷಿ ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ನಾನು ನೋಟ್‌ಬುಕ್ಕು ತೆಗೆದು ನೋಡಿದೆ. ಸಂಜೆ ಹಚ್ಚಬೇಕು ಎಂದು ಬರೆದಿರಲಿಲ್ಲ. ಬಿಸಿಲಿಗೆ ಹೋಗಬಾರದು ಎಂದೂ ಬರೆದಿರಲಿಲ್ಲ. ಬೇರೆಯವರಿಗೆ ಬರೆದಿದ್ದೆ. ಗುರವ್ವನ ದಿನ, ಸಾಕ್ಷಿಯ ಮಾತು ಕೇಳಿ ಮನಸ್ಸು ಕಲಕಿ, ಅರ್ಧಕ್ಕೇ ಬಿಟ್ಟಿದ್ದೆ.

"ಯಾವಾಗ ಹಚ್ಚಿಕೊಂಡಿದ್ದಿ?"

"ಮಧ್ಯಾಹ್ನರಿ. ಉಂಡು ತ್ವಾಟದಾಗ ಮಲಗತೀವಲ್ಲ, ಆವಾಗ. ಹಂಗ ನಿದ್ದಿ ಹತ್ತಿಬಿಡ್ತು. ಏಳೂದ್ರಾಗ ನೆರಳ ಸರದು ಮಾರಿ ಮ್ಯಾಲ ಬಿಸಲ ಬಿದ್ದಿತ್ತು."

"ರಸ ಎಷ್ಟ ಹಾಕಿದ್ದಿ?"

"ಲಿಂಬಿ ತ್ವಾಟದಾಗ ಕುಂತು ಹನಿ ಯಾರ ಎಣಸ್ತಾರ್ರಿ? ಒಡದ ಕಾಯಿ ಬಿದ್ದಿದ್ವು, ನಾಕು ಹಿಂಡಿದೆ."

"ತಡಿ, ತಂಪಾಗೂ ಹಂಗ ಏನರೆ ಕೊಡತೇನಿ, ಕಲಿ ತಿಳಿ ಆಗತೈತಿ," ಎಂದೆ.

ಗುರವ್ವ ಗಲ್ಲಕ್ಕೆ ಅಂಗೈ ಅಡ್ಡ ಹಿಡಿದಳು. "ಬ್ಯಾಡ. ಇದರ ಮ್ಯಾಲ ಏನೂ ಹಚ್ಚಬ್ಯಾಡ್ರಿ." ನನ್ನ ಕನ್ನಡಿಯಲ್ಲಿ ತನ್ನ ಮುಖವನ್ನು ತುಂಬ ಹೊತ್ತು ನೋಡಿಕೊಂಡಳು. ನಗುತ್ತಿದ್ದಳು.

ಮರುದಿನವೇ ಅಂಗಡಿ ಮುಚ್ಚಿ ವಿಜಯಪುರಕ್ಕೆ ಹೋದೆ. ಚರ್ಮದ ಡಾಕ್ಟರ ಎದುರು ಕುಳಿತು, ನಾನು ಮಾಡಿದ ತಪ್ಪನ್ನು ಚೀಟಿ ಸಮೇತ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯಲಿಲ್ಲ.

"ಲಿಂಬಿ ರಸದ ಮ್ಯಾಲ ಬಿಸಲು ಬಿದ್ರ ಚರ್ಮ ಸುಡತೈತಿ. ಆವತ್ತ ಗೊತ್ತಾಗೂದಿಲ್ಲ, ಎರಡ ಮೂರ ದಿನಕ್ಕ ಮೂಡತೈತಿ. ರಸ ಹೆಂಗ ಹರದಿರತೈತಿ ಹಂಗ. ರಸದ ಕೈಲೆ ಯಾರರೆ ಮುಟ್ಟಿದ್ರ ಅವರ ಕೈ ಮೂಡತೈತಿ. ಮನ್ಯಾಗ ಮಕ್ಕಳದಾರೇನು?"

"ಒಂದ ಹುಡುಗಿ. ಒಂಬತ್ತ ವರ್ಷದಾಕಿ."

"ಹಂಗಾರ ಆತಲ್ಲ. ಬಿಸಲಿಗೆ ಬಿಡಬ್ಯಾಡ್ರಿ, ಮತ್ತ ಲಿಂಬಿ ಮುಟ್ಟಿಸಬ್ಯಾಡ್ರಿ. ನಾಕಾರು ತಿಂಗಳಾಗ ತಾನ ಹೋಗತೈತಿ. ಆದ್ರ ಎರಡನೇ ಸಲ ಸುಟ್ರ ಗುಳ್ಳಿ ಏಳತಾವ, ಕಲಿ ಕಾಯಂ ಆದೀತು."

ಹಿಂದಿರುಗುವ ಬಸ್ಸಿನಲ್ಲಿ ಎದೆ ಹಗುರಾಯಿತು. ಸಾಕ್ಷಿಯ ಕೈ. ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈ. ಅರ್ಧ ದಾರಿ ಬಂದ ಮೇಲೆ ನೆನಪಾಯಿತು: ನಾಲ್ಕು ಇಂಚು, ನಾಲ್ಕಕ್ಕೂ ಸ್ವಲ್ಪ ಕಡಿಮೆ. ಪಕ್ಕದ ಸೀಟಿನಲ್ಲಿ ಒಬ್ಬಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮೂರು ವರ್ಷದ್ದಿರಬೇಕು. ಅದು ಮುಂದಿನ ಸೀಟಿನ ಕಂಬಿ ಹಿಡಿದಿತ್ತು. ನಾನು ಇಂಡಿ ಬರುವವರೆಗೂ ಆ ಕೈಯನ್ನೇ ನೋಡುತ್ತಿದ್ದೆ.

ಗುರವ್ವನಿಗೆ ಹೇಳಲು ಅವತ್ತಿನಿಂದಲೇ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎತ್ತಿದವಳು ಅವಳ ಅತ್ತೆ ಸಾವಂತ್ರವ್ವ.

"ಆಕಿ ಮನ್ಯಾಗ ಎಲ್ಲಿರತಾಳವ್ವ? ಮೂರ ದಿನ ಆತು, ಕೂಲಿ ಇಲ್ಲ, ಕುಳ್ಳ ಇಲ್ಲ. ಹೊತ್ತ ಏರಿದ ಕೂಡಲೆ ತ್ವಾಟಕ್ಕ ಹೋಗಿ ಬಿಸಲಾಗ ಬೀಳತಾಳ. ಚಂದ್ರಾಮ ಎಳಕೊಂಡ ಬಂದ್ರ ಮತ್ತ ಓಡತಾಳ. ನೀವ ಏನೋ ಹಚ್ಚೀರಂತ, ನೀವ ಬಂದ ಬಿಡಸ್ರಿ."

ಬಿಡಿಸಲೇಬೇಕಿತ್ತು. ಒಂದು ಸಲ ಸುಟ್ಟದ್ದು ನನ್ನ ಚೀಟಿಯಿಂದ. ಎರಡನೆಯ ಸಲ ಸುಟ್ಟರೆ ಆ ಹೆಣ್ಣುಮಗಳು ಮುಖವನ್ನೂ ಬುದ್ಧಿಯನ್ನೂ ಕಳೆದುಕೊಳ್ಳುತ್ತಾಳೆ ಎನಿಸಿತು. ಟಂಟಂ ಆಟೊ ಹಿಡಿದು ತಾಂಬಾಕ್ಕೆ ಹೋದೆ.

ಇಳಿದಾಗ ಹನ್ನೆರಡೂವರೆ. ರಸ್ತೆಯಿಂದ ತೋಟ ಒಂದು ಫರ್ಲಾಂಗು ಒಳಗೆ. ಒಬ್ಬರೂ ಇರಲಿಲ್ಲ, ಆ ಹೊತ್ತಿಗೆ ಎಲ್ಲರೂ ನೆರಳು ಹಿಡಿದಿರುತ್ತಾರೆ. ಮರದಲ್ಲಿ ಒಂದು ಹಕ್ಕಿಯೂ ಕೂಗಲಿಲ್ಲ. ಲಿಂಬೆಯ ಗಿಡಗಳ ನೆರಳು ಬುಡಕ್ಕೆ ಅಂಟಿಕೊಂಡಿತ್ತು. ಸಾಲಿನ ನಡುವೆ ನಡೆಯುವಾಗ ಮುಳ್ಳು ಸೀರೆಗೆ ಸಿಕ್ಕಿ ಸಿಕ್ಕಿ ನಿಲ್ಲಿಸುತ್ತಿತ್ತು. ಪ್ರತಿ ಸಲ ಯಾರೋ ಕೆಳಗಿನಿಂದ, ಮೊಣಕಾಲಿನ ಎತ್ತರದಿಂದ, ಸೆರಗಿನ ಅಂಚು ಎಳೆದಂತಾಗುತ್ತಿತ್ತು. ಪ್ರತಿ ಸಲವೂ ನಾನು ಬಗ್ಗಿ ನೋಡಿದೆ. ಮುಳ್ಳೇ ಇತ್ತು.

ಹೊಂಡದ ಸುತ್ತ ಈಗ ತಂತಿ ಬೇಲಿ. ಒಳಗೆ ನೀರು ಅಲುಗದೆ ಕಪ್ಪಗೆ ನಿಂತಿತ್ತು. ಅದರ ಈಚೆ, ಗಿಡಗಳಿಲ್ಲದ ಬಯಲಿನಲ್ಲಿ, ಗೋಣಿಚೀಲದ ಮೇಲೆ ಗುರವ್ವ ಬೋರಲಾಗಿ ಮಲಗಿದ್ದಳು. ಸುತ್ತಲೂ ಹಿಂಡಿ ಎಸೆದ ಲಿಂಬೆಯ ಹೋಳುಗಳು. ಕುತ್ತಿಗೆ, ಬೆನ್ನ ಮೇಲ್ಭಾಗ, ತೋಳು, ಎಲ್ಲ ರಸದಿಂದ ಹೊಳೆಯುತ್ತಿದ್ದವು. ನೆಲಕ್ಕೆ ತಾಗದ ಗಲ್ಲದ ಮೇಲೆ ಗುಳ್ಳೆ ಎದ್ದು ನೀರು ತುಂಬಿತ್ತು. ಸ್ವಲ್ಪ ದೂರದ ಗಿಡದ ಬುಡದಲ್ಲಿ ಸಾಕ್ಷಿ ಮಂಡಿಗೆ ಗದ್ದ ಕೊಟ್ಟು ಕುಳಿತಿದ್ದಳು.

"ಗುರವ್ವ!"

"ಸಪ್ಪಳ ಮಾಡಬ್ಯಾಡ್ರಿ ಅಕ್ಕಾರ." ಕಣ್ಣು ತೆರೆಯದೆ ಹೇಳಿದಳು. "ಸಪ್ಪಳಾದ್ರ ಬರಂಗಿಲ್ಲ ಆಕಿ."

"ಏಳ ಮೊದಲ. ಮಾರಿ ಸುಟ್ಟೈತಿ ನಿಂದು."

"ಮಸಕ ಆಗಾಕತ್ತೈತ್ರಿ ಕೈ. ನಿನ್ನಿಗಿಂತ ಇವತ್ತ ಮಸಕ. ಮತ್ತ ಹೊಂಟಾಳ. ಈ ಸಲ ಪೂರಾ ಮೈಮ್ಯಾಲ ಮುಟ್ಟಿಸಿಕೋತೇನಿ. ಎಷ್ಟ ಜಾಗಾ ಐತಿ ಅಷ್ಟೂ."

ನಾನೂ ಸಾಕ್ಷಿಯೂ ಸೇರಿ ಅವಳನ್ನು ನೆರಳಿಗೆ ಎಳೆದೆವು. ಹಗುರಾಗಿದ್ದಳು. ಸಾಕ್ಷಿ ಕೊಡದ ನೀರು ತಂದಳು. ನಾನು ಮುಖ, ಕುತ್ತಿಗೆ, ತೋಳು ಎಲ್ಲ ತೊಳೆದು ಒದ್ದೆ ಬಟ್ಟೆ ಹೊದಿಸಿದೆ. ತೊಳೆಯುತ್ತ ತೊಳೆಯುತ್ತ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ರಸ, ಬಿಸಿಲು, ಎರಡು ಮೂರು ದಿನ. ತಪ್ಪು ನನ್ನದು ಎಂದೂ ಹೇಳಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. "ಹೌದಿರಬೇಕ್ರಿ. ನೀವ ಕಲತವರು. ಆದ್ರ ಕೈ ಯಾರದು?"

ನಾನು ಸಾಕ್ಷಿಯ ಕಡೆ ನೋಡಿದೆ. ಅವಳು ಖಾಲಿ ಕೊಡವನ್ನು ಅಪ್ಪಿಕೊಂಡಿದ್ದಳು.

"ನಂದು ಯವ್ವಾ," ಎಂದಳು. "ನೀ ಮಲಗಿದ್ದಿ. ನಾ ಶರಬತ್ತಿಗಂತ ಒಡದ ಕಾಯಿ ಹಿಂಡಾಕತ್ತಿದ್ದೆ. ಎದ್ದ ಬಂದು ನಿನ್ನ ಗಲ್ಲ ಮುಟ್ಟಿದೆ. ಭಾಳ ಹೊತ್ತ ಹಂಗ ಕೈ ಇಟ್ಕೊಂಡ ಕುಂತಿದ್ದೆ."

"ಯಾಕ ಮುಟ್ಟಿದಿ?"

"ಎಚ್ಚರಿದ್ದಾಗ ಮುಟ್ಟಿದ್ರ ಸರೀತೀಯಲ್ಲ."

ಗುರವ್ವ ನನ್ನ ಕಡೆ ತಿರುಗಿದಳು. ಮಗಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡಿದಳು. "ಆಕಿ ಕೈ ಅಲ್ರಿ ಅದು. ಆಕಿ ಕೈ ನನಗ ಗೊತ್ತೈತಿ. ಹೊಂಡದ ದಂಡಿಗೆ ತಂಗಿ ಕೈ ಬಿಟ್ಟ ಕೈ ಅದು. ತಂಗೀನ ಹಿಡಕೋ ಅಂದಿದ್ದೆ. ಪಾತರಗಿತ್ತಿ ಕಂಡಿತ್ತಂತ, ಬಿಟ್ಲಂತ."

ಹುಡುಗಿ ಅಳಲಿಲ್ಲ. ಎರಡು ವರ್ಷದಿಂದ ಕೇಳಿ ಕೇಳಿ ರೂಢಿಯಾದವಳಂತೆ ನಿಂತಿದ್ದಳು. ಆಗ ಅವಳಿಗೆ ಏಳು ವರ್ಷವಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾನು ಮಾತಿನಲ್ಲಿ ಗೆಲ್ಲುವವಳಲ್ಲ. ಸಾಕ್ಷಿಯ ಬಲಗೈ ಹಿಡಿದು ತಂದು ತಾಯಿಯ ಗಲ್ಲದ ಹತ್ತಿರ, ಗುಳ್ಳೆಗೆ ತಾಗದಂತೆ, ಒಂದು ಕೂದಲೆಳೆ ದೂರದಲ್ಲಿ ಹಿಡಿದೆ. ಕೂಡಿತು. ಕಿರುಬೆರಳು ಸ್ವಲ್ಪ ಸೊಟ್ಟ, ಕಲೆಯಲ್ಲೂ ಸೊಟ್ಟ.

ನನ್ನ ಚೀಲದಲ್ಲಿ ಸಣ್ಣ ಕನ್ನಡಿ ಇತ್ತು. ಗುರವ್ವನ ಕೈಗೆ ಕೊಟ್ಟೆ. ಅವಳು ನೋಡಿದಳು. ಕನ್ನಡಿಯನ್ನು ಓರೆ ಮಾಡಿ, ಕೈಯನ್ನಲ್ಲ, ಕೈಯ ಹಿಂದಿದ್ದ ಮಗಳ ಮುಖವನ್ನು ನೋಡಿದಳು. ಎಷ್ಟು ದಿನದ ಮೇಲೆ ನೋಡಿದಳೋ.

"ಬೆನ್ನಿಂದು?" ಎಂದಳು. ದನಿ ಬಹಳ ಸಣ್ಣಗಿತ್ತು. ಎಲ್ಲ ಅದರ ಮೇಲೆಯೇ ನಿಂತಿತ್ತು. ಬೆನ್ನಿನದು ಸಾಕ್ಷಿಯದಲ್ಲವೆಂದು ತಿಳಿದರೆ ಅವಳು ನಾಳೆ ಮತ್ತೆ ಈ ಗೋಣಿಚೀಲದ ಮೇಲೆ ಮಲಗುತ್ತಾಳೆ. ಈ ಹುಡುಗಿ ಮತ್ತೆ ಗಿಡದ ಬುಡದಲ್ಲಿ ಕೂರುತ್ತಾಳೆ.

ಸಾಕ್ಷಿ ನನ್ನನ್ನು ನೋಡಿದಳು. ಇಲ್ಲ ಎಂಬಂತೆ ತಲೆಯನ್ನು ಕಂಡೂ ಕಾಣದಷ್ಟು ಅಲ್ಲಾಡಿಸಿದಳು. ಆಮೇಲೆ ತಾಯಿಯ ಹಿಂದೆ ಹೋಗಿ ಮಂಡಿಯೂರಿದಳು. ಆ ಸಣ್ಣ ಕಲೆ ಗಲ್ಲದ್ದರಷ್ಟು ಮಸುಕಾಗಿರಲಿಲ್ಲ. ಅವಳು ಬೆರಳ ತುದಿಗಳನ್ನು ಒಳಕ್ಕೆ ಮಡಚಿದಳು. ಅಂಗೈಯನ್ನು ಹಿಂಡಿ ಕಿರಿದು ಮಾಡಿದಳು. ತನ್ನ ಕೈ ಮೂರೂವರೆ ವರ್ಷದ ಕೈಯಾಗುವವರೆಗೆ ಮಡಚಿ, ಮೆಲ್ಲಗೆ ಅದರ ಮೇಲಿಟ್ಟಳು.

"ಇದೂ ನಂದ ಯವ್ವಾ."

"ಕೂಡತೈತೇನ್ರಿ ಅಕ್ಕಾರ?" ಗುರವ್ವನಿಗೆ ಬೆನ್ನು ಕಾಣುತ್ತಿರಲಿಲ್ಲ. ಅವಳಿಗೆ ನನ್ನ ಮಾತೊಂದೇ ಇತ್ತು.

"ಕೂಡತೈತಿ," ಎಂದೆ.

ಗುರವ್ವ ಹೆಗಲ ಮೇಲಿಂದ ಕೈ ಚಾಚಿ ಆ ಮಡಚಿದ ಕೈಯನ್ನು ಹಿಡಿದು ಮುಂದಕ್ಕೆ ಎಳೆದುಕೊಂಡಳು. ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು. "ಎಷ್ಟ ದೊಡ್ಡಾಕಿ ಆಗೀಯಬೇ," ಎಂದಳು. ಸಾಕ್ಷಿ ಅತ್ತದ್ದು ಆಗ.

ಗುಳ್ಳೆಗಳಿಗೆ ಔಷಧಿ ಬೇಕಿತ್ತು. ಇಂಡಿಯ ದವಾಖಾನೆಗೆ ಕರೆದುಕೊಂಡು ಹೋಗುವುದೆಂದಾಯಿತು. ಗುರವ್ವ ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಟಂಟಂ ನಿಲ್ಲಿಸಲೆಂದು ನಾನು ರಸ್ತೆಯ ಕಡೆ ಹೊರಟೆ. ದಾರಿ ತೋರಿಸಲು ಸಾಕ್ಷಿ ಬಂದಳು. ಬೇಲಿ ದಾಟಿದ ಮೇಲೆ ಕೇಳಿಯೇಬಿಟ್ಟೆ.

"ಬೆನ್ನ ಮುಟ್ಟಿದ್ದು ನೆನಪಿಲ್ಲೇನು ನಿನಗ? ನಿದ್ದೀಗಣ್ಣಾಗ ಮುಟ್ಟಿರಬೇಕು."

"ಇಲ್ರಿ ಆಂಟಿ. ಯವ್ವ ಆವತ್ತ ಅಂಗಾತ ಮಲಗಿದ್ಲು. ಬೆನ್ನು ನೆಲಕ್ಕಿತ್ತು." ಒಮ್ಮೆ ಹಿಂದಿರುಗಿ ತೋಟದ ಕಡೆ ನೋಡಿದಳು. "ನೀವ ಯವ್ವಗ ಹೇಳಂಗಿಲ್ಲಲ್ರಿ?"

"ಇಲ್ಲ."

"ಅಜ್ಜಿಗೂ?"

"ಯಾರಿಗೂ ಇಲ್ಲ."

"ಸಾಕ್ಷೀ," ಎಂದು ತೋಟದ ಒಳಗಿನಿಂದ ಗುರವ್ವ ಕರೆದಳು. ಹುಡುಗಿಯ ಮುಖ ಅರಳಿತು. ಚಪ್ಪಲಿ ಕಳಚಿ ಬೀಳುವಂತೆ ಓಡಿದಳು. ನಾನು ರಸ್ತೆಯ ಅಂಚಿನಲ್ಲಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಅವರು ಗಿಡಗಳ ಸಾಲಿನ ನಡುವೆ ಬರುವುದನ್ನು ನೋಡುತ್ತಿದ್ದೆ. ಸಾಕ್ಷಿ ತಾಯಿಯ ಎಡಗೈ ಹಿಡಿದಿದ್ದಳು. ಏನೋ ಹೇಳುತ್ತಿದ್ದಳು, ಗುರವ್ವ ಅವಳ ಕಡೆಗೇ ಬಾಗಿ ಕೇಳುತ್ತಿದ್ದಳು.

ಗುರವ್ವನ ಬಲಗೈ ಮೈಯಿಂದ ಸ್ವಲ್ಪ ದೂರವಿತ್ತು. ಸ್ವಲ್ಪ ಕೆಳಕ್ಕೆ ಇಳಿದು, ಬೆರಳು ಸಡಿಲವಾಗಿ ಮಡಚಿ. ಅವಳಿಗೆ ಅದರ ಅರಿವೇ ಇರಲಿಲ್ಲ. ಕಲ್ಲು ಬಂದಲ್ಲಿ ಆ ಕೈ ತುಸು ಮೇಲಕ್ಕೆ ಏಳುತ್ತಿತ್ತು, ದಾಟಿದ ಮೇಲೆ ಇಳಿಯುತ್ತಿತ್ತು. ಟಂಟಂ ಬಂದು ನಿಂತಿತು. ನಾನು ಮೊದಲು ಹತ್ತಿ, ಸೀಟಿನ ಒಂದು ತುದಿಗೆ ಸರಿದು, ಮೂವರಿಗೆ ಜಾಗ ಬಿಟ್ಟು ಕುಳಿತೆ.